ಚೌಕಟ್ಟಿನ ಮೇಲಿನ ಕವಿತೆ: ಡಾಂಟೆ ಗೇಬ್ರಿಯಲ್ ರೊಸೆಟ್ಟಿಯ ಬದುಕು ಮತ್ತು ಕಲಾಸಾಧನೆ

ಪ್ರಸ್ತಾವನೆ

ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡಿನ ಸಾಹಿತ್ಯಚರಿತ್ರೆಯಲ್ಲಿಯೂ ಕಲಾಚರಿತ್ರೆಯಲ್ಲಿಯೂ ಏಕಕಾಲದಲ್ಲಿ ಸ್ಥಾನ ಪಡೆದವರು ವಿರಳ. ಅಂಥವರಲ್ಲಿ ಡಾಂಟೆ ಗೇಬ್ರಿಯಲ್ ರೊಸೆಟ್ಟಿ (1828–1882) ಪ್ರಮುಖನು. ಆದರೆ ಈ ಎರಡು ಚರಿತ್ರೆಗಳು ಅವನನ್ನು ಹಂಚಿಕೊಂಡಿರುವ ರೀತಿಯಲ್ಲಿಯೇ ಒಂದು ತೊಡಕಿದೆ. ಸಾಹಿತ್ಯಚರಿತ್ರೆಗೆ ಅವನು ಚಿತ್ರವನ್ನೂ ಬರೆದ ಕವಿ. ಕಲಾಚರಿತ್ರೆಗೆ ಕವಿತೆಯನ್ನೂ ಬರೆದ ಚಿತ್ರಕಾರ. ಹೀಗೆ ಎರಡು ಭಾಗವಾದ ರೊಸೆಟ್ಟಿಯನ್ನು ಒಂದುಗೂಡಿಸಲು ಜನಪ್ರಿಯ ಜೀವನಚರಿತ್ರೆಗಳು ಅವನ ದಾಂಪತ್ಯದ ದುರಂತವನ್ನು, ಹೆಂಡತಿಯ ಸಮಾಧಿಯಿಂದ ಕವಿತೆಗಳನ್ನು ಹೊರತೆಗೆಸಿದ ಘಟನೆಯನ್ನು ಬಳಸಿಕೊಂಡಿವೆ. ಪರಿಣಾಮವಾಗಿ ಬದುಕಿನ ಕಥೆ ಬೆಳೆದಷ್ಟೂ ಕೃತಿಗಳ ಓದು ಹಿಂದೆ ಸರಿದಿದೆ.

ರೊಸೆಟ್ಟಿಯ ಬದುಕಿನ ಮುಖ್ಯ ಘಟ್ಟಗಳನ್ನು ಅವನ ಚಿತ್ರ ಮತ್ತು ಕವಿತೆಗಳ ಪರಸ್ಪರ ಸಂಬಂಧದ ಹಿನ್ನೆಲೆಯಲ್ಲಿ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ಅವನಲ್ಲಿ ಕವಿತೆಯು ಚಿತ್ರದ ವಿವರಣೆಯೂ ಅಲ್ಲ, ಚಿತ್ರವು ಕವಿತೆಯ ಅಲಂಕಾರವೂ ಅಲ್ಲ. ಒಂದು ಕಲೆ ಹೇಳಲಾರದ್ದನ್ನು ಇನ್ನೊಂದು ಹೇಳುವಂತೆ ಅವನು ಇವೆರಡನ್ನೂ ಜೋಡಿಸಿದನು ಎಂಬುದು ಇಲ್ಲಿನ ಪ್ರತಿಪಾದನೆ. ಈ ಜೋಡಣೆಗೆ ತೆತ್ತ ಬೆಲೆ ಏನು, ಅದನ್ನು ತೆತ್ತವರು ಯಾರು ಎಂಬ ಪ್ರಶ್ನೆಯೂ ಇದರೊಂದಿಗೇ ಏಳುತ್ತದೆ.

ಪರಿಭಾಷೆಯ ಬಗ್ಗೆ ಒಂದು ಮಾತನ್ನು ಆರಂಭದಲ್ಲಿಯೇ ಸ್ಪಷ್ಟಪಡಿಸುವುದು ಅಗತ್ಯ. ಭಾರತೀಯ ಕಾವ್ಯಮೀಮಾಂಸೆಯಲ್ಲಿ 'ಚಿತ್ರಕಾವ್ಯ' ಎಂಬ ಮಾತಿಗೆ ಬೇರೆಯೇ ಅರ್ಥವಿದೆ. ಧ್ವನಿಯ ಪ್ರಾಧಾನ್ಯವಿಲ್ಲದ, ಶಬ್ದಾರ್ಥಗಳ ವೈಚಿತ್ರ್ಯವನ್ನೇ ನೆಚ್ಚಿಕೊಂಡ ರಚನೆಯನ್ನು ಆನಂದವರ್ಧನನು ಆ ಹೆಸರಿನಿಂದ ಕರೆದನು. ಮಮ್ಮಟನು ಅದನ್ನು ಅಧಮಕಾವ್ಯದಲ್ಲಿ ಸೇರಿಸಿದನು. ಪದ್ಮಬಂಧ, ಮುರಜಬಂಧ ಮೊದಲಾದ ಅಕ್ಷರಚಮತ್ಕಾರಗಳೂ ಅದರಲ್ಲಿಯೇ ಅಡಗುತ್ತವೆ. ರೊಸೆಟ್ಟಿಯದು ಈ ಅರ್ಥದ ಚಿತ್ರಕಾವ್ಯವಲ್ಲ. ಅವನ ರಚನೆಗಳನ್ನು 'ಚಿತ್ರಸಂಬಂಧಿ ಕವಿತೆ' ಎಂದು ಕರೆಯುವುದು ಹೆಚ್ಚು ಸೂಕ್ತ.

1. ಮನೆ ಮತ್ತು ಓದು

ರೊಸೆಟ್ಟಿ 1828ರ ಮೇ 12ರಂದು ಲಂಡನ್ನಿನಲ್ಲಿ ಜನಿಸಿದನು. ತಂದೆ ಗೇಬ್ರಿಯೇಲೆ ರೊಸೆಟ್ಟಿ ನೇಪಲ್ಸ್ ರಾಜ್ಯದಿಂದ ರಾಜಕೀಯ ಕಾರಣಗಳಿಗಾಗಿ ದೇಶಭ್ರಷ್ಟನಾಗಿ ಬಂದ ಇಟಲಿಯ ಕವಿ. ಅವನು 1831ರಿಂದ ಲಂಡನ್ನಿನ ಕಿಂಗ್ಸ್ ಕಾಲೇಜಿನಲ್ಲಿ ಇಟಾಲಿಯನ್ ಭಾಷೆಯ ಪ್ರಾಧ್ಯಾಪಕನಾಗಿದ್ದನು. ತಾಯಿ ಫ್ರಾನ್ಸಿಸ್ ಪೊಲಿಡೋರಿ. ಕವಿ ಬೈರನ್ನನ ವೈದ್ಯನಾಗಿದ್ದು, 'ದಿ ವ್ಯಾಂಪೈರ್' (1819) ಎಂಬ ಕಥೆಯನ್ನು ಬರೆದ ಜಾನ್ ಪೊಲಿಡೋರಿ ಇವಳ ಸಹೋದರ. ಮರಿಯ, ಗೇಬ್ರಿಯಲ್, ವಿಲಿಯಂ ಮೈಕೆಲ್, ಕ್ರಿಸ್ಟಿನಾ ಎಂಬ ನಾಲ್ವರು ಮಕ್ಕಳೂ ಬರಹಗಾರರಾದರು. ಕ್ರಿಸ್ಟಿನಾ ರೊಸೆಟ್ಟಿ ಆ ಕಾಲದ ಶ್ರೇಷ್ಠ ಕವಯಿತ್ರಿಯರಲ್ಲಿ ಒಬ್ಬಳು.

ತಂದೆ ತನ್ನ ಜೀವಮಾನವನ್ನು ಮಹಾಕವಿ ಡಾಂಟೆಯ ಅಧ್ಯಯನಕ್ಕೆ ಮೀಸಲಿಟ್ಟಿದ್ದನು. ಡಾಂಟೆಯ ಕಾವ್ಯದ ಒಳಗೆ ಪೋಪನ ಅಧಿಕಾರವನ್ನು ವಿರೋಧಿಸುವ ಗುಪ್ತಸಂಕೇತಗಳಿವೆ ಎಂಬುದು ಅವನ ವಾದ. ಈ ವಾದವನ್ನು ವಿದ್ವಾಂಸರು ಒಪ್ಪಲಿಲ್ಲ. ಆದರೆ ಪ್ರತಿಯೊಂದು ವಸ್ತುವೂ ಇನ್ನೊಂದನ್ನು ಸೂಚಿಸಬಲ್ಲದು ಎಂಬ ನಂಬಿಕೆಯ ನಡುವೆ ಬೆಳೆದ ಮಗನ ಚಿತ್ರಗಳಲ್ಲಿ ಹೂವು, ಹಣ್ಣು, ಹಕ್ಕಿಗಳು ಸುಮ್ಮನೆ ಬಂದು ಕೂರುವುದಿಲ್ಲ ಎಂಬುದು ಗಮನಾರ್ಹ. ಹುಟ್ಟಿದಾಗ ಅವನಿಗಿಟ್ಟ ಹೆಸರು ಗೇಬ್ರಿಯಲ್ ಚಾರ್ಲ್ಸ್ ಡಾಂಟೆ ರೊಸೆಟ್ಟಿ. ಮುಂದೆ 'ಡಾಂಟೆ'ಯನ್ನು ಮುಂದಕ್ಕೆ ತಂದುಕೊಂಡವನು ಅವನೇ. ಆ ಕವಿಯ ಬದುಕನ್ನೂ ಪ್ರೇಮವನ್ನೂ ಅವನು ತನ್ನ ಬದುಕಿಗೆ ಮಾದರಿಯಾಗಿ ಆರಿಸಿಕೊಂಡನೆಂಬುದಕ್ಕೆ ಇದೊಂದು ಸೂಚನೆ.

ಶಾಲೆಯ ಓದಿನ ನಂತರ ಅವನು ಸ್ಯಾಸ್‌ನ ಚಿತ್ರಶಾಲೆಯಲ್ಲಿಯೂ 1845ರಿಂದ ರಾಯಲ್ ಅಕಾಡೆಮಿಯಲ್ಲಿಯೂ ಅಭ್ಯಾಸ ಮಾಡಿದನು. ಪ್ರಾಚೀನ ಶಿಲ್ಪಗಳ ಅಚ್ಚುಪ್ರತಿಗಳನ್ನು ನೋಡಿ ಬರೆಯುವ ಅಕಾಡೆಮಿಯ ಕ್ರಮ ಅವನಿಗೆ ಹಿಡಿಸಲಿಲ್ಲ. ಇದೇ ಕಾಲದಲ್ಲಿ ಅವನು ಡಾಂಟೆಯನ್ನೂ ಡಾಂಟೆಪೂರ್ವದ ಇಟಲಿಯ ಕವಿಗಳನ್ನೂ ಅನುವಾದಿಸತೊಡಗಿದ್ದನು. ಈ ಅನುವಾದಗಳು 'ದಿ ಅರ್ಲಿ ಇಟಾಲಿಯನ್ ಪೊಯೆಟ್ಸ್' ಎಂಬ ಹೆಸರಿನಲ್ಲಿ 1861ರಲ್ಲಿ ಪ್ರಕಟವಾದವು. 1847ರಲ್ಲಿ ಅವನು ಹತ್ತು ಶಿಲಿಂಗ್‌ಗಳಿಗೆ ವಿಲಿಯಂ ಬ್ಲೇಕ್‌ನ ಹಸ್ತಪ್ರತಿಯೊಂದನ್ನು ಕೊಂಡುಕೊಂಡನು. ಒಂದೇ ಪುಟದಲ್ಲಿ ಪದ್ಯವೂ ರೇಖಾಚಿತ್ರವೂ ಬೆರೆತಿದ್ದ ಆ ಪುಸ್ತಕ ಹದಿನೆಂಟು ವರ್ಷದ ತರುಣನ ಕೈಗೆ ಬಂದದ್ದು ಸಾಮಾನ್ಯ ಸಂಗತಿಯಲ್ಲ. ಎರಡೂ ಕಲೆಗಳನ್ನು ಒಟ್ಟಿಗೆ ನಡೆಸಿದ ಒಬ್ಬ ಪೂರ್ವಸೂರಿಯು ಅವನಿಗೆ ಇಂಗ್ಲಿಷಿನಲ್ಲಿಯೇ ದೊರೆತನು.

2. ಸೋದರಕೂಟ ಮತ್ತು ಮೊದಲ ಚಿತ್ರ

1848ರಲ್ಲಿ ರೊಸೆಟ್ಟಿ, ವಿಲಿಯಂ ಹೋಲ್ಮನ್ ಹಂಟ್ ಮತ್ತು ಜಾನ್ ಎವರೆಟ್ ಮಿಲ್ಲೆ ಇವರು ಇತರ ನಾಲ್ವರೊಡನೆ 'ಪ್ರೀ-ರಾಫೆಲೈಟ್ ಬ್ರದರ್‌ಹುಡ್' ಎಂಬ ಸೋದರಕೂಟವನ್ನು ಕಟ್ಟಿದರು. ಇಟಲಿಯ ಚಿತ್ರಕಾರ ರಾಫೆಲ್‌ನ ನಂತರ ಯುರೋಪಿನ ಚಿತ್ರಕಲೆ ಸಿದ್ಧಸೂತ್ರಗಳಿಗೆ ಕಟ್ಟುಬಿದ್ದಿತೆಂದೂ ಅವನಿಗಿಂತ ಹಿಂದಿನವರ ಪ್ರಾಮಾಣಿಕತೆಗೆ ಮರಳಬೇಕೆಂದೂ ಇವರ ಆಶಯ. ಏಳು ಜನರಲ್ಲಿ ಹಿರಿಯನಿಗೂ ಇಪ್ಪತ್ತಮೂರು ವರ್ಷ ದಾಟಿರಲಿಲ್ಲ. ಕೂಟದ ಪತ್ರಿಕೆ 'ದಿ ಜರ್ಮ್' 1850ರಲ್ಲಿ ನಾಲ್ಕು ಸಂಚಿಕೆ ಕಂಡು ನಿಂತುಹೋಯಿತು. ಆದರೆ ಆ ನಾಲ್ಕು ಸಂಚಿಕೆಗಳಲ್ಲಿ ರೊಸೆಟ್ಟಿಯ 'ದಿ ಬ್ಲೆಸೆಡ್ ಡ್ಯಾಮೊಜೆಲ್' ಎಂಬ ಕವಿತೆ, 'ಹ್ಯಾಂಡ್ ಅಂಡ್ ಸೋಲ್' ಎಂಬ ಕಥೆ, ಹಾಗೂ ತಾನು ಪ್ಯಾರಿಸ್ ಮತ್ತು ಬೆಲ್ಜಿಯಂಗಳಲ್ಲಿ ಕಂಡ ಚಿತ್ರಗಳ ಮೇಲೆ ಬರೆದ ಸುನೀತಗಳು ಬೆಳಕು ಕಂಡವು. ಅವನ ಮುಂದಿನ ಎಲ್ಲ ಸಾಧನೆಯ ಬೀಜ ಇಲ್ಲಿದೆ.

ಕಥೆಯ ನಾಯಕ ಕಿಯಾರೊ ಎಂಬ ಕಲ್ಪಿತ ಚಿತ್ರಕಾರ. ಕೀರ್ತಿಯನ್ನೂ ನೀತಿಬೋಧೆಯನ್ನೂ ಬೆನ್ನಟ್ಟಿ ಸೋತ ಅವನೆದುರಿಗೆ ಅವನ ಆತ್ಮವೇ ಹೆಣ್ಣಿನ ರೂಪದಲ್ಲಿ ಬಂದು ನಿಲ್ಲುತ್ತದೆ. ತನ್ನನ್ನು ಇದ್ದಂತೆಯೇ ಚಿತ್ರಿಸೆಂದು ಹೇಳುತ್ತದೆ. ಹೆಣ್ಣಿನ ಮುಖವನ್ನು ಬರೆಯುವುದೆಂದರೆ ತನ್ನ ಆತ್ಮವನ್ನೇ ಬರೆಯುವುದು ಎಂಬ ಈ ಕಲ್ಪನೆ ರೊಸೆಟ್ಟಿಯ ಕಲೆಗೆ ತೀವ್ರತೆಯನ್ನು ಕೊಟ್ಟಿತು. ಎದುರಿಗೆ ಕುಳಿತ ಹೆಣ್ಣು ತನ್ನದೇ ಆದ ಆತ್ಮವುಳ್ಳ ಇನ್ನೊಬ್ಬ ವ್ಯಕ್ತಿ ಎಂಬುದನ್ನು ಮರೆಸಿದ್ದೂ ಈ ಕಲ್ಪನೆಯೇ.

1849ರಲ್ಲಿ ಪ್ರದರ್ಶಿತವಾದ ಅವನ ಮೊದಲ ಮುಖ್ಯ ತೈಲಚಿತ್ರ ಕನ್ಯೆ ಮೇರಿಯ ಬಾಲ್ಯವನ್ನು ಕುರಿತದ್ದು. ತಂಗಿ ಕ್ರಿಸ್ಟಿನಾ ಮೇರಿಗೂ ತಾಯಿ ಫ್ರಾನ್ಸಿಸ್ ಸಂತ ಆನಳಿಗೂ ರೂಪದರ್ಶಿಗಳು. ಚಿತ್ರದಲ್ಲಿ ಸದ್ಗುಣಗಳ ಹೆಸರು ಹೊತ್ತ ಪುಸ್ತಕಗಳ ರಾಶಿ, ಅದರ ಮೇಲೊಂದು ಲಿಲ್ಲಿ ಹೂ, ಮುಳ್ಳಿನ ಕೊಂಬೆ, ಪಾರಿವಾಳ ಇವೆ. ಇದಕ್ಕಾಗಿ ಅವನು ಎರಡು ಸುನೀತಗಳನ್ನು ರಚಿಸಿ ಚಿತ್ರದೊಡನೆ ಕಾಣುವಂತೆ ಮಾಡಿದನು. ಒಂದು ಸುನೀತ ಮೇರಿಯ ಬದುಕನ್ನು ಮುಂದೆ ಬರಲಿರುವ ದೈವೀ ಘಟನೆಯವರೆಗೆ ಕೊಂಡೊಯ್ಯುತ್ತದೆ. ಇನ್ನೊಂದು ಸಂಕೇತಗಳನ್ನು ಬಿಡಿಸುತ್ತದೆ. ಮರುವರ್ಷ ಪ್ರದರ್ಶಿಸಿದ ದೇವದೂತನ ಆಗಮನದ ಚಿತ್ರವು ಕಟುಟೀಕೆಗೆ ಗುರಿಯಾಯಿತು. ಆ ಬಳಿಕ ರೊಸೆಟ್ಟಿ ಸಾರ್ವಜನಿಕ ಪ್ರದರ್ಶನಗಳಿಂದ ಬಹುಮಟ್ಟಿಗೆ ದೂರ ಉಳಿದನು. ಅವನ ಚಿತ್ರಗಳು ಲಿವರ್‌ಪೂಲಿನ ಹಡಗು ವ್ಯಾಪಾರಿ ಲೇಲೆಂಡ್, ಬ್ಯಾಂಕರ್ ಜಾರ್ಜ್ ರೇ, ಗ್ಲಾಸ್ಗೋದ ವಿಲಿಯಂ ಗ್ರಹಾಂ ಮೊದಲಾದ ಖಾಸಗಿ ಪೋಷಕರ ಮನೆಗಳನ್ನು ಸೇರಿದವು. ಬದುಕಿರುವಾಗ ಅವನ ಹೆಸರನ್ನು ಕೇಳಿದವರೇ ಹೆಚ್ಚು, ಚಿತ್ರಗಳನ್ನು ಕಂಡವರು ಕಡಿಮೆ.

3. ಕ್ಷಣ ಮತ್ತು ಕಾಲ: ಚಿತ್ರಕ್ಕಾಗಿ ಸುನೀತ

ಜರ್ಮನ್ ವಿಮರ್ಶಕ ಲೆಸ್ಸಿಂಗ್ ತನ್ನ 'ಲಾವೊಕೂನ್' (1766) ಗ್ರಂಥದಲ್ಲಿ ಚಿತ್ರಕಲೆ ದೇಶದ ಕಲೆ, ಕಾವ್ಯ ಕಾಲದ ಕಲೆ ಎಂದು ಗೆರೆ ಎಳೆದನು. ಚಿತ್ರವು ಒಂದು ಕ್ಷಣವನ್ನು ಮಾತ್ರ ಹಿಡಿಯಬಲ್ಲದು. ಕಾವ್ಯವು ಕ್ಷಣಗಳ ಸರಣಿಯಲ್ಲಿ ನಡೆಯುತ್ತದೆ. ರೊಸೆಟ್ಟಿ ಈ ಗೆರೆಯನ್ನು ಅಳಿಸಲು ಹೋಗಲಿಲ್ಲ, ಅದರ ಎರಡೂ ಬದಿಗಳಲ್ಲಿ ನಿಂತು ಕೆಲಸ ಮಾಡಿದನು. ಕನ್ನಡದಲ್ಲಿ ಸುನೀತ, ಅಷ್ಟಷಟ್ಪದಿ ಎಂಬ ಹೆಸರುಗಳಿಂದ ಪರಿಚಿತವಾಗಿರುವ ಹದಿನಾಲ್ಕು ಸಾಲಿನ ಈ ಬಂಧವು ಅವನಿಗೆ ಏಕೆ ಅಷ್ಟು ಒಗ್ಗಿತೆಂಬುದು ಇದರಿಂದ ತಿಳಿಯುತ್ತದೆ. ಅದು ಒಂದೇ ನೋಟಕ್ಕೆ ಸಿಗುವಷ್ಟು ಚಿಕ್ಕದು, ಚೌಕಟ್ಟಿನ ಮೇಲೆ ಹಿಡಿಸುವಂಥದು. ಎಂಟು ಸಾಲುಗಳ ನಂತರ ಆರು ಸಾಲುಗಳಲ್ಲಿ ಭಾವ ತಿರುಗುವುದರಿಂದ ಕಾಲದ ಚಲನೆಗೂ ಅಲ್ಲಿ ಅವಕಾಶವಿದೆ.

'ಲೇಡಿ ಲಿಲಿತ್' ಚಿತ್ರವನ್ನು ಉದಾಹರಣೆಯಾಗಿ ನೋಡಬಹುದು. 1866–68ರಲ್ಲಿ ಬರೆದ ಈ ಚಿತ್ರದಲ್ಲಿ ಹೆಣ್ಣೊಬ್ಬಳು ಕೈಗನ್ನಡಿ ನೋಡುತ್ತ ತಲೆ ಬಾಚಿಕೊಳ್ಳುತ್ತಿದ್ದಾಳೆ. ಚಿತ್ರದಲ್ಲಿ ಇಷ್ಟೇ ನಡೆಯುವುದು. ಯಹೂದಿ ಐತಿಹ್ಯದಲ್ಲಿ ಲಿಲಿತಳು ಈವ್‌ಗಿಂತ ಮೊದಲಿನ, ಆದಾಮನ ಮೊದಲ ಹೆಂಡತಿ. ಜೊತೆಯ ಸುನೀತವು ಅವಳ ಅನಾದಿಯಾದ ವಯಸ್ಸನ್ನೂ, ಭೂಮಿ ಮುದಿಯಾದರೂ ಅವಳು ಮಾಸದೆ ಉಳಿದಿರುವುದನ್ನೂ, ಅವಳ ಕೂದಲೆಳೆಗೆ ಸಿಕ್ಕಿ ಅಳಿದ ತರುಣನನ್ನೂ ಹೇಳುತ್ತದೆ. ಚಿತ್ರದ ಶಾಂತ ಕ್ಷಣಕ್ಕೆ ಹಿಂದಿನ ಯುಗಗಳೂ ಮುಂದಿನ ಸಾವೂ ಕವಿತೆಯಿಂದ ಸೇರುತ್ತವೆ. ಕವಿತೆಯನ್ನು ಓದಿ ಮತ್ತೆ ಚಿತ್ರವನ್ನು ನೋಡಿದರೆ ಬಾಚಣಿಗೆಯ ಚಲನೆ ಮೊದಲಿನಷ್ಟು ಸಾಧುವಾಗಿ ಕಾಣುವುದಿಲ್ಲ.

'ಪ್ರೊಸರ್ಪೈನ್' (1874) ಚಿತ್ರದಲ್ಲಿ ಈ ಸಂಬಂಧ ಇನ್ನೂ ನಿಕಟವಾಗಿದೆ. ಪಾತಾಳದಲ್ಲಿ ದಾಳಿಂಬೆಯ ಕಾಳನ್ನು ತಿಂದು, ಆ ಕಾರಣದಿಂದ ವರ್ಷದ ಒಂದು ಭಾಗವನ್ನು ಅಲ್ಲಿಯೇ ಕಳೆಯಬೇಕಾದ ದೇವಿಯ ಕಥೆಯಿದು. ಇಟಾಲಿಯನ್ ಭಾಷೆಯ ಸುನೀತವು ಚಿತ್ರಪಟದ ಮೇಲೆಯೇ ಇದೆ. ಇಂಗ್ಲಿಷ್ ಸುನೀತವು ಚೌಕಟ್ಟಿನ ಮೇಲಿದೆ. ಅವಳ ಹಿಂದಿನ ಗೋಡೆಯ ಮೇಲೆ ಮೇಲಿನ ಲೋಕದ ಬೆಳಕಿನ ಒಂದು ತುಣುಕು ಬಿದ್ದಿದೆ. ಬೆಳಕು ಎಷ್ಟು ದೂರದಿಂದ ಬಂದಿದೆ, ಎಷ್ಟು ಬೇಗ ಆರಿಹೋಗುತ್ತದೆ ಎಂಬುದನ್ನು ಬಣ್ಣ ಹೇಳಲಾರದು. ಆ ಕೆಲಸವನ್ನು ಅಕ್ಷರಗಳು ಮಾಡುತ್ತವೆ.

ಚಿತ್ರದಿಂದ ಕವಿತೆಗೆ ಹೋಗುವ ಈ ಕ್ರಮಕ್ಕೆ 'ದಿ ಬ್ಲೆಸೆಡ್ ಡ್ಯಾಮೊಜೆಲ್' ಒಂದು ಅಪವಾದ. ಸ್ವರ್ಗದ ಕಟಕಟೆಗೆ ಒರಗಿ ಭೂಮಿಯಲ್ಲಿರುವ ಪ್ರಿಯನಿಗಾಗಿ ಕಾಯುವ ಹೆಣ್ಣಿನ ಈ ಕವಿತೆಯನ್ನು ಅವನು ಹದಿಹರೆಯದ ಕೊನೆಯಲ್ಲಿಯೇ ರಚಿಸಿದ್ದನು. ಅದರ ಚಿತ್ರ ಮೂಡಿದ್ದು ಸುಮಾರು ಮೂರು ದಶಕಗಳ ನಂತರ, 1875–78ರಲ್ಲಿ, ಗ್ರಹಾಂನ ಕೋರಿಕೆಯ ಮೇರೆಗೆ. ಕವಿತೆಯಲ್ಲಿ ಭೂಮಿಯ ಮೇಲಿನ ಪ್ರಿಯನ ಮಾತುಗಳು ಆವರಣಚಿಹ್ನೆಗಳ ಒಳಗೆ ಬರುತ್ತವೆ. ಸ್ವರ್ಗದಲ್ಲಿರುವವಳಿಗೆ ಅವು ಕೇಳಿಸುವುದಿಲ್ಲ. ಚಿತ್ರದಲ್ಲಿ ಆ ಪ್ರಿಯನು ಮುಖ್ಯಚಿತ್ರದ ಕೆಳಗೆ ಜೋಡಿಸಿದ ಪ್ರತ್ಯೇಕ ಪಟ್ಟಿಯಲ್ಲಿ, ಮರದ ಕೆಳಗೆ ಮಲಗಿ ಮೇಲೆ ನೋಡುತ್ತಿದ್ದಾನೆ. ಇಬ್ಬರ ನಡುವೆ ಚೌಕಟ್ಟಿನ ಮರದ ಅಡ್ಡಪಟ್ಟಿ ಇದೆ. ಕವಿತೆಯ ಆವರಣಚಿಹ್ನೆ ಮಾಡಿದ್ದನ್ನು ಇಲ್ಲಿ ಮರದ ಪಟ್ಟಿ ಮಾಡಿದೆ. ಒಂದು ಕಲೆಯ ವ್ಯಾಕರಣವನ್ನು ಇನ್ನೊಂದರ ವ್ಯಾಕರಣಕ್ಕೆ ತಿರುಗಿಸಿದ ಇಂಥ ನಿದರ್ಶನ ಬೇರೆಡೆ ಸುಲಭವಾಗಿ ದೊರೆಯದು.

4. ಎಲಿಜಬೆತ್ ಸಿಡಲ್: ರೂಪದರ್ಶಿ, ಕಲಾವಿದೆ

ಮೇಲೆ ಹೇಳಿದ ಕಲಾಸಾಧನೆಯ ಇನ್ನೊಂದು ಮುಖವನ್ನು ನೋಡದೆ ಈ ವಿವೇಚನೆ ಪೂರ್ಣವಾಗದು. ಎಲಿಜಬೆತ್ ಸಿಡಲ್ (1829–1862) ಟೋಪಿಯಂಗಡಿಯೊಂದರಲ್ಲಿ ಕೆಲಸಕ್ಕಿದ್ದಾಗ ಸೋದರಕೂಟದ ಚಿತ್ರಕಾರರ ಪರಿಚಯಕ್ಕೆ ಬಂದಳು. ಮಿಲ್ಲೆಯ ಪ್ರಸಿದ್ಧ 'ಒಫೀಲಿಯಾ' ಚಿತ್ರಕ್ಕೆ ನೀರು ತುಂಬಿದ ತೊಟ್ಟಿಯಲ್ಲಿ ಮಲಗಿದವಳು ಇವಳೇ. ಕ್ರಮೇಣ ರೊಸೆಟ್ಟಿಯ ಏಕೈಕ ರೂಪದರ್ಶಿ ಎನ್ನುವಂತಾದಳು. ಅವನಿಂದ ಚಿತ್ರಕಲೆಯನ್ನೂ ಕಲಿತಳು. 1855ರಲ್ಲಿ ಜಾನ್ ರಸ್ಕಿನ್ ಅವಳ ಚಿತ್ರಗಳಿಗಾಗಿ ವರ್ಷಕ್ಕೆ 150 ಪೌಂಡ್ ಕೊಡಲು ಮುಂದಾದನು. 1857ರಲ್ಲಿ ಲಂಡನ್ನಿನ ರಸೆಲ್ ಪ್ಲೇಸ್‌ನಲ್ಲಿ ನಡೆದ ಸೋದರಕೂಟದ ಬಳಗದ ಪ್ರದರ್ಶನದಲ್ಲಿ ಪಾಲ್ಗೊಂಡ ಏಕೈಕ ಮಹಿಳೆ ಅವಳು. ಅವಳು ಕವಿತೆಗಳನ್ನೂ ಬರೆದಳು. ಅವು ಅವಳ ಜೀವಿತಕಾಲದಲ್ಲಿ ಅಚ್ಚಾಗಲಿಲ್ಲ.

ವರ್ಷಗಟ್ಟಲೆ ಮುಂದೂಡಿದ ಮದುವೆ 1860ರ ಮೇ ತಿಂಗಳಲ್ಲಿ ನಡೆಯಿತು. ಆ ವೇಳೆಗೆ ಅವಳ ಆರೋಗ್ಯ ಕೆಟ್ಟಿದ್ದಿತು. ಅಫೀಮಿನ ದ್ರಾವಣವಾದ ಲಾಡನಮ್ ಅಭ್ಯಾಸವಾಗಿದ್ದಿತು. 1861ರಲ್ಲಿ ಹೆಣ್ಣುಮಗು ಸತ್ತೇ ಹುಟ್ಟಿತು. 1862ರ ಫೆಬ್ರವರಿ 11ರಂದು ಲಾಡನಮ್‌ನ ಅತಿಸೇವನೆಯಿಂದ ಅವಳು ತೀರಿಕೊಂಡಳು. ವಿಚಾರಣೆಯು ಅದನ್ನು ಆಕಸ್ಮಿಕ ಮರಣವೆಂದು ತೀರ್ಮಾನಿಸಿತು.

ಇಲ್ಲಿ ಕ್ರಿಸ್ಟಿನಾ ರೊಸೆಟ್ಟಿಯ ಒಂದು ಸುನೀತವನ್ನು ಉಲ್ಲೇಖಿಸಬೇಕು. 'ಇನ್ ಆನ್ ಆರ್ಟಿಸ್ಟ್ಸ್ ಸ್ಟುಡಿಯೋ' ಎಂಬ ಅದು 1856ರಲ್ಲಿ ರಚಿತವಾಗಿ, ಅವಳ ಮರಣಾನಂತರ 1896ರಲ್ಲಿ ಪ್ರಕಟವಾಯಿತು. ಕಲಾವಿದನ ಕೋಣೆಯ ಎಲ್ಲ ಪಟಗಳಲ್ಲಿಯೂ ಒಂದೇ ಮುಖವಿರುವುದನ್ನೂ, ಅವನು ಅವಳನ್ನು ಇರುವಂತೆ ಕಾಣದೆ ತನ್ನ ಕನಸಿನಲ್ಲಿದ್ದಂತೆ ಬರೆದಿರುವುದನ್ನೂ ಆ ಕವಿತೆ ಹೇಳುತ್ತದೆ. ಅಣ್ಣನ ಕಲೆಯನ್ನು ಕುರಿತ ಅತ್ಯಂತ ನಿಷ್ಠುರವಾದ ವಿಮರ್ಶೆ ಹೊರಗಿನವರಿಂದ ಬರುವ ಮೊದಲೇ ಮನೆಯೊಳಗೆ ಸುನೀತದ ಬಂಧದಲ್ಲಿಯೇ ಸಿದ್ಧವಾಗಿತ್ತು.

ಸಿಡಲಳ ಮರಣಾನಂತರ, 1864ರಿಂದ 1870ರ ಅವಧಿಯಲ್ಲಿ ರೂಪುಗೊಂಡ 'ಬಿಯಾಟಾ ಬಿಯಾಟ್ರಿಕ್ಸ್' ಅವಳದೇ ಮುಖವುಳ್ಳ ಚಿತ್ರ. ಡಾಂಟೆಯ ಪ್ರೇಯಸಿ ಬಿಯಾಟ್ರಿಸ್‌ಳ ಮರಣದ ಕ್ಷಣ ಇದರ ವಸ್ತು. ಕಣ್ಣುಮುಚ್ಚಿ ಕುಳಿತವಳ ಕೈಗೆ ಹಕ್ಕಿಯೊಂದು ಗಸಗಸೆಯ ಹೂವನ್ನು ತರುತ್ತಿದೆ. ಅಫೀಮು ಹುಟ್ಟುವುದು ಆ ಗಿಡದಿಂದ. ಡಾಂಟೆಯ ಕಥೆಯಲ್ಲಿ ಈ ಹೂವಿಲ್ಲ. ಲಂಡನ್ನಿನ ಮನೆಯ ನೆನಪು ಅದನ್ನು ಚಿತ್ರದೊಳಗೆ ತಂದಿದೆ. ತನ್ನ ಬದುಕನ್ನು ಡಾಂಟೆಯ ಮಾದರಿಗೆ ಹೊಂದಿಸಿಕೊಂಡವನ ಚಿತ್ರದಲ್ಲಿ ನಿಜವು ಹೀಗೆ ಒಂದು ಹೂವಾಗಿ ಒಳಗೆ ಬಂದಿದೆ.

5. ಸಮಾಧಿಯ ಹಸ್ತಪ್ರತಿ: ಐತಿಹ್ಯ ಮತ್ತು ವಾಸ್ತವ

ಹೆಂಡತಿಯ ಅಂತ್ಯಕ್ರಿಯೆಯ ಸಮಯದಲ್ಲಿ ರೊಸೆಟ್ಟಿ ತನ್ನ ಕವಿತೆಗಳ ಹಸ್ತಪ್ರತಿಯನ್ನು ಶವಪೆಟ್ಟಿಗೆಯೊಳಗೆ ಇರಿಸಿದನು. ಏಳು ವರ್ಷಗಳ ನಂತರ, 1869ರ ಅಕ್ಟೋಬರಿನಲ್ಲಿ, ಗೃಹಮಂತ್ರಿಯ ಅನುಮತಿ ಪಡೆದು ಹೈಗೇಟ್ ಸ್ಮಶಾನದ ಆ ಸಮಾಧಿಯನ್ನು ತೆರೆಸಿದನು. ವ್ಯವಸ್ಥೆಯ ಹೊಣೆ ಚಾರ್ಲ್ಸ್ ಆಗಸ್ಟಸ್ ಹೊವೆಲ್ ಎಂಬವನದು. ರೊಸೆಟ್ಟಿ ಸ್ಥಳದಲ್ಲಿ ಇರಲಿಲ್ಲ. ಹೊರತೆಗೆದ ಪುಸ್ತಕವನ್ನು ವೈದ್ಯನೊಬ್ಬನು ಸೋಂಕುರಹಿತಗೊಳಿಸಿ ಕೊಟ್ಟನು. ಅವಳಿಗೆ ಸಾಧ್ಯವಾಗಿದ್ದರೆ ಪುಸ್ತಕವನ್ನು ತಾನೇ ಮರಳಿಸುತ್ತಿದ್ದಳೆಂದು ರೊಸೆಟ್ಟಿ ಸ್ವಿನ್‌ಬರ್ನ್‌ಗೆ ಬರೆದ ಪತ್ರದಲ್ಲಿ ಸಮರ್ಥಿಸಿಕೊಂಡಿದ್ದಾನೆ. ಸತ್ತವಳ ಪರವಾಗಿಯೂ ಅವನೇ ಮಾತನಾಡಿದನು.

1870ರ 'ಪೊಯೆಮ್ಸ್' ಸಂಕಲನ ಪೂರ್ತಿಯಾಗಿ ಗೋರಿಯಿಂದ ಬಂದದ್ದೆಂಬ ನಂಬಿಕೆ ಬಹಳ ಕಾಲದಿಂದ ನಡೆದುಬಂದಿದೆ. ಕೃತಿಗಳ ಕಾಲಾನುಕ್ರಮವನ್ನು ಪರಿಶೀಲಿಸಿದರೆ ಈ ನಂಬಿಕೆ ನಿಲ್ಲುವುದಿಲ್ಲ. 'ದಿ ಬ್ಲೆಸೆಡ್ ಡ್ಯಾಮೊಜೆಲ್' 1850ರಲ್ಲಿಯೂ ಪರಿಷ್ಕೃತವಾಗಿ 1856ರಲ್ಲಿಯೂ ಅಚ್ಚಾಗಿತ್ತು. 1868ರ ಕೊನೆಯಲ್ಲಿ ರೊಸೆಟ್ಟಿ ಮತ್ತೆ ಬರೆಯತೊಡಗಿದ್ದನು. 1869ರ ಮಾರ್ಚ್‌ನಲ್ಲಿ, ಎಂದರೆ ಸಮಾಧಿ ತೆರೆಯುವ ಮೊದಲೇ, 'ಫೋರ್ಟ್‌ನೈಟ್ಲಿ ರಿವ್ಯೂ' ಪತ್ರಿಕೆಯಲ್ಲಿ ಹದಿನಾರು ಸುನೀತಗಳು ಪ್ರಕಟವಾಗಿದ್ದವು. ಹಸ್ತಪ್ರತಿಯಿಂದ ಅವನಿಗೆ ಮುಖ್ಯವಾಗಿ ಬೇಕಿದ್ದುದು 'ಜೆನ್ನಿ' ಎಂಬ ದೀರ್ಘಕವಿತೆ. ಆ ಪುಟಗಳನ್ನೇ ಹುಳು ಕೊರೆದಿದ್ದಿತು. ವೇಶ್ಯೆಯೊಬ್ಬಳ ಕೋಣೆಯಲ್ಲಿ, ನಿದ್ರಿಸುತ್ತಿರುವ ಅವಳನ್ನು ನೋಡುತ್ತ ತರುಣನೊಬ್ಬನು ಮನಸ್ಸಿನಲ್ಲಿಯೇ ಆಡಿಕೊಳ್ಳುವ ಮಾತುಗಳು ಆ ಕವಿತೆಯ ವಸ್ತು. ಅಲ್ಲಿಯೂ ಹೆಣ್ಣು ಮಾತನಾಡುವುದಿಲ್ಲ. ಆದರೆ ಅವಳ ಮೌನದ ಎದುರು ತನ್ನ ಸಹಾನುಭೂತಿ ಎಷ್ಟು ಪೊಳ್ಳು ಎಂದು ಆ ತರುಣನಿಗೆ ಅರಿವಾಗುತ್ತದೆ. ಈ ಅರಿವು ರೊಸೆಟ್ಟಿಯ ಚಿತ್ರಗಳಲ್ಲಿ ಕಾಣದು, ಕವಿತೆಯಲ್ಲಿ ಮಾತ್ರ ಸಾಧ್ಯವಾಗಿದೆ. ಗೋರಿ ತೆರೆಸಿದ್ದಕ್ಕೆ ಇದು ಸಮರ್ಥನೆಯಾಗದು. ಆದರೆ ತೆರೆಸಿ ತಂದದ್ದೇನು ಎಂಬುದನ್ನು ಓದದೆ ತೀರ್ಪು ಕೊಡುವುದೂ ವಿಮರ್ಶೆಯ ದಾರಿಯಲ್ಲ.

6. ವಿವಾದ ಮತ್ತು ಕೊನೆಯ ವರ್ಷಗಳು

ಸಂಕಲನಕ್ಕೆ ಉತ್ತಮ ಸ್ವಾಗತ ದೊರೆಯಿತು. ಸ್ವಿನ್‌ಬರ್ನ್, ವಿಲಿಯಂ ಮಾರಿಸ್ ಮೊದಲಾದ ಸ್ನೇಹಿತರೇ ವಿಮರ್ಶೆ ಬರೆದಿದ್ದರು. 1871ರ ಅಕ್ಟೋಬರಿನಲ್ಲಿ ರಾಬರ್ಟ್ ಬುಕನನ್ ಗುಪ್ತನಾಮದಿಂದ ಬರೆದ ಲೇಖನದಲ್ಲಿ ರೊಸೆಟ್ಟಿಯನ್ನು 'ಮಾಂಸಲ ಕಾವ್ಯಪಂಥ'ದ ನಾಯಕನೆಂದು ಖಂಡಿಸಿದನು. ದೇಹಕ್ಕೆ ಆತ್ಮಕ್ಕಿಂತ ಹೆಚ್ಚಿನ ಮಹತ್ವ ಕೊಟ್ಟಿದ್ದಾನೆಂಬುದು ಮುಖ್ಯ ಆಕ್ಷೇಪ. ರೊಸೆಟ್ಟಿ ಡಿಸೆಂಬರಿನಲ್ಲಿ 'ಅಥೀನಿಯಂ' ಪತ್ರಿಕೆಯಲ್ಲಿ ಉತ್ತರ ಕೊಟ್ಟನು. ಆದರೂ ಮರುವರ್ಷ ಲೇಖನವು ಪುಸ್ತಿಕೆಯಾಗಿ ಹೊರಬಂದಾಗ ಅವನ ಮನಸ್ಸು ಕುಸಿಯಿತು. ಲಾಡನಮ್ ಕುಡಿದು ಸಾಯಲು ಯತ್ನಿಸಿದನು. ನಿದ್ರೆಗಾಗಿ ಸೇವಿಸುತ್ತಿದ್ದ ಕ್ಲೋರಲ್ ಅವನನ್ನು ಕೊನೆಯವರೆಗೂ ಬಿಡಲಿಲ್ಲ. ಬುಕನನ್ ಮುಂದೆ ತನ್ನ ಅಭಿಪ್ರಾಯವನ್ನು ಹಿಂತೆಗೆದುಕೊಂಡು, 1881ರ ತನ್ನ ಕಾದಂಬರಿಯನ್ನು ಹಳೆಯ ವೈರಿಗೆ ಅರ್ಪಿಸಿದನು.

ಇದೇ ಅವಧಿಯಲ್ಲಿ ರೊಸೆಟ್ಟಿ ಮಾರಿಸ್‌ನ ಪತ್ನಿ ಜೇನ್ ಮಾರಿಸ್‌ಳನ್ನು ರೂಪದರ್ಶಿಯಾಗಿಟ್ಟುಕೊಂಡು ಹಲವು ಚಿತ್ರಗಳನ್ನು ಬರೆದನು. 'ಪ್ರೊಸರ್ಪೈನ್' ಅವುಗಳಲ್ಲಿ ಒಂದು. 'ದಿ ಹೌಸ್ ಆಫ್ ಲೈಫ್' ಎಂಬ ಸುನೀತಮಾಲೆಯು 1881ರಲ್ಲಿ 101 ಸುನೀತಗಳೊಡನೆ ಪೂರ್ಣರೂಪ ಪಡೆಯಿತು. ಬುಕನನ್ ಬಹಳವಾಗಿ ಆಕ್ಷೇಪಿಸಿದ್ದ ಸುನೀತವನ್ನು ರೊಸೆಟ್ಟಿ ಅದರಿಂದ ಕೈಬಿಟ್ಟನು. ಮಾಲೆಯ ಪೀಠಿಕಾಪದ್ಯದಲ್ಲಿ ಸುನೀತವನ್ನು ಎರಡು ಮುಖಗಳುಳ್ಳ ನಾಣ್ಯಕ್ಕೆ ಹೋಲಿಸಿದ್ದಾನೆ. ಈ ಪದ್ಯಕ್ಕೆ ರೇಖಾಚಿತ್ರದ ಅಂಚು ಬರೆದು 1880ರಲ್ಲಿ ತಾಯಿಯ ಎಂಬತ್ತನೆಯ ಹುಟ್ಟುಹಬ್ಬಕ್ಕೆ ಉಡುಗೊರೆಯಾಗಿ ಕೊಟ್ಟನು. ಮೊದಲ ಚಿತ್ರದಲ್ಲಿ ಸುನೀತವು ಚೌಕಟ್ಟನ್ನು ಸೇರಿತ್ತು; ಇಲ್ಲಿ ಚಿತ್ರವೇ ಸುನೀತಕ್ಕೆ ಚೌಕಟ್ಟಾಯಿತು.

1882ರ ಏಪ್ರಿಲ್ 9ರಂದು ಕೆಂಟ್ ಪ್ರಾಂತದ ಬರ್ಚಿಂಗ್‌ಟನ್ನಿನಲ್ಲಿ ಅವನು ತೀರಿಕೊಂಡನು. ಹೈಗೇಟಿನಲ್ಲಿ ತನ್ನನ್ನು ಹೂಳಬಾರದೆಂದು ಮೊದಲೇ ತಿಳಿಸಿದ್ದನು. ಬರ್ಚಿಂಗ್‌ಟನ್ನಿನಲ್ಲಿಯೇ ಅವನ ಸಮಾಧಿಯಿದೆ.

ಉಪಸಂಹಾರ

ರೊಸೆಟ್ಟಿಯ ಕವಿತೆ ಮತ್ತು ಚಿತ್ರಗಳನ್ನು ಬೇರೆಬೇರೆ ಗ್ರಂಥಗಳಲ್ಲಿ ಮುದ್ರಿಸುವ ಕ್ರಮದಿಂದಾಗಿ ಅವುಗಳ ಜೋಡಿರೂಪ ಬಹುಕಾಲ ಓದುಗರಿಗೆ ದೊರೆಯಲಿಲ್ಲ. ಅಮೆರಿಕದ ವಿದ್ವಾಂಸ ಜೆರೋಮ್ ಮೆಕ್‌ಗ್ಯಾನ್ 1993ರಲ್ಲಿ ಆರಂಭಿಸಿ 2008ರಲ್ಲಿ ಪೂರ್ಣಗೊಳಿಸಿದ ಗಣಕ ಸಂಗ್ರಹವು ಈ ಕೊರತೆಯನ್ನು ಬಹುಮಟ್ಟಿಗೆ ನೀಗಿಸಿತು. 2023ರಲ್ಲಿ ಲಂಡನ್ನಿನ ಟೇಟ್ ಬ್ರಿಟನ್ ಸಂಗ್ರಹಾಲಯದಲ್ಲಿ ಏರ್ಪಟ್ಟ ಪ್ರದರ್ಶನಕ್ಕೆ 'ದಿ ರೊಸೆಟ್ಟೀಸ್' ಎಂದು ಬಹುವಚನದ ಹೆಸರಿಟ್ಟು, ಎಲಿಜಬೆತ್ ಸಿಡಲಳ ಕೃತಿಗಳನ್ನೂ ಅದರಲ್ಲಿ ಇರಿಸಲಾಯಿತು.

ಈ ಬಹುವಚನ ಅರ್ಥಪೂರ್ಣವಾದುದು. ಚಿತ್ರವನ್ನು ಮಾತ್ರ ನೋಡುವವನಿಗೆ ಕ್ಷಣ ಕಾಣುತ್ತದೆ, ಕಾಲ ಕಾಣದು. ಕವಿತೆಯನ್ನು ಮಾತ್ರ ಓದುವವನಿಗೆ ಕಾಲ ತಿಳಿಯುತ್ತದೆ, ಮುಖ ಕಾಣದು. ಎರಡನ್ನೂ ಒಟ್ಟಿಗೆ ಇಟ್ಟು ನೋಡುವವನು ಆ ಮುಖ ಯಾರದು, ಅವಳು ತಾನೇ ಬರೆದದ್ದೇನು ಎಂದು ಕೇಳದೆ ಇರಲಾರನು. ರೊಸೆಟ್ಟಿಯ ಅಧ್ಯಯನವು ಈ ಪ್ರಶ್ನೆಯನ್ನು ಕೇಳಿದಾಗ ಅವನ ಕಲೆಯ ಬೆಲೆ ಕುಗ್ಗುವುದಿಲ್ಲ. ಆ ಬೆಲೆಯನ್ನು ತೆತ್ತವರ ಹೆಸರು ಲೆಕ್ಕಕ್ಕೆ ಸೇರುತ್ತದೆ.